ತಳ ತಗ್ಗಿದ ಸಿದ್ದೆ

ನಮ್ಮ ಅಕ್ಕಿ ಮಡಕೆಯೊಳಗೆ ಒಂದು ಹಿತ್ತಾಳೆ ಸಿದ್ದೆ ಇದೆ.
ಕಂಠದ ಕೆಳಗೆ ಸರಕಾರದ ಅಚ್ಚು,
ಸವೆದ ಕಿರೀಟ, ಒಂದು ಅಂಕಿ. ಏಳೋ, ಒಂದೋ.
ತಳ ಹೊರಗಿನಿಂದ ಒಳಕ್ಕೆ ತಗ್ಗಿದೆ,
ಸರಿಯಾಗಿ ಒಂದು ಹೆಬ್ಬೆಟ್ಟಿನಷ್ಟು.

ಅದರಲ್ಲಿ ಅಳೆದು ಯಾರಿಗೆ ಕೊಟ್ಟರೂ ಅವ್ವಿ
ಮೇಲೊಂದು ಮುಷ್ಟಿ ಹಾಕುವಳು.
ನೆರೆಮನೆಯ ಕಡಕ್ಕೆ, ದಾನಕ್ಕೆ, ಕೋಳಿಗೆ ಸಹಿತ.
ಯಾಕೆ ಅಂದರೆ,
"ಅಳತಿ ಸರ್ಕಾರದ್ದು, ಮುಷ್ಟಿ ನಮ್ದು.
ಹೋಗು, ಒಲಿ ನೋಡು."

ಮುತ್ತಜ್ಜ ಹಮ್ಮಣ್ಣ ನಾಯಕ ಅಳತೆಗಾರ.
ಘಟ್ಟದ ಮೇಲೆ ಎರಡು ವರ್ಷ ಮಳೆ ಕೈಕೊಟ್ಟಾಗ
ಅರಬೈಲ್ ಇಳಿದು ಜನ ಬಂದರು.
ಕಾರವಾರದ ಕೋಡಿಬಾಗದ ಮರಳಲ್ಲಿ ತಡಿಕೆಯ ಉದ್ದ ಕೊಟ್ಟಿಗೆ,
ಕಾಗದದಲ್ಲಿ ಅದರ ಹೆಸರು ಬಡವರ ಮನೆ.
ಮನೆಗೆ ಬಾಗಿಲು ಒಂದು. ಅಗಳಿ ಹೊರಗಡೆ.

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ,
ಏಳು ತುಂಬಿದ ಗಂಡುಮಕ್ಕಳೂ ಎಡಕ್ಕೆ.
ಬಿಟ್ಟಿ ಕೊಟ್ಟರೆ ಮೈಗಳ್ಳರಾಗುತ್ತಾರೆ,
ಇದು ಹಡಗಿನಲ್ಲಿ ಬಂದ ಮಾತು.
ಅಲ್ಲಿಯೂ ಇಂಥ ಮನೆಗಳಿದ್ದವಂತೆ, ಕಲ್ಲಿನವು,
ಮುದುಕಿಯರು ಹಡಗಿನ ಹಳೆ ಹಗ್ಗ ಬಿಚ್ಚಿ
ಎಳೆ ಎಳೆ ಕೀಳಬೇಕಂತೆ, ಉಗುರು ಒಡೆಯುವವರೆಗೆ.
ಇಲ್ಲಿ ಹೆಂಗಸರು
ಉಪ್ಪುನೀರಲ್ಲಿ ಕೊಳೆತ ಕಾಯಿಸಿಪ್ಪೆ ಬಡಿದು
ಹೊಸ ಹುರಿ ಹೊಸೆದರು.
ಅಲ್ಲಿ ಬಿಚ್ಚಿದ್ದು, ಇಲ್ಲಿ ಹೊಸೆದದ್ದು
ಯಾವುದೋ ಒಂದೇ ಹಡಗಿನಲ್ಲಿ ಭೇಟಿಯಾಗಿರಬೇಕು.

ದಫ್ತರಿನ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿಸಿ
ಒಂದು ಮಧ್ಯಾಹ್ನ ಓದಿದೆ:
ಫಕೀರವ್ವ, ನವಲಗುಂದದ ಬದಿ. ಕೆಲಸಕ್ಕೆ ಯೋಗ್ಯ.
ಹುರಿ ಹನ್ನೆರಡು ಮಾರು. ಅಕ್ಕಿ ಒಂದು ಸಿದ್ದೆ.
ರುಜುವಿನ ಜಾಗದಲ್ಲಿ ಬಳೆಯ ಗುರುತು, ಒಂದು ಸೊನ್ನೆ.
ಮರುದಿನ ಹತ್ತು ಮಾರು. ಬಳೆ.
ಆಮೇಲೆ ಆರು. ಅಕ್ಕಿ ಅರ್ಧ. ಬಳೆ.
ಆಮೇಲೆ ಸಾಲಿಗೆ ಅಡ್ಡಗೆರೆ,
ಗೆರೆಯ ಶಾಯಿ ಹೊಸದು, ಆಗಷ್ಟೇ ಅದ್ದಿದ್ದು.

ತಳ ಬಡಿದವರು ಯಾರು?
ಅಕ್ಕಿ ಬರುವ ಮೊದಲೇ ಕಚೇರಿಯಿಂದ ಹಾಗೇ ಬಂತು,
ಇದು ದೊಡ್ಡಪ್ಪನ ಮಾತು.
ದೊಡ್ಡಪ್ಪ ಮನೆಯ ಹೆಸರು ಕಾಯುವವ.
ಹಿತ್ತಲಿನ ಅತ್ತೆ, ಕಿವಿ ಕೇಳಿಸದವಳು,
ಜೋರಾಗಿ ಹೇಳಿಬಿಡುತ್ತಿದ್ದಳು:
ಒಳ್ಳಿನ ಗುಂಡಿನಿಂದ, ರಾತ್ರಿ, ತಾನೇ.
ತಲೆಗೊಂದು ಹೆಬ್ಬೆಟ್ಟು ಅಕ್ಕಿ, ಮುನ್ನೂರು ತಲೆ,
ದಿನಕ್ಕೆ ಎಷ್ಟಾಯಿತು, ಲೆಕ್ಕ ಹಾಕು ಮಗಾ.
ಮಾರನೇ ವರ್ಷ ಬೇಲೇಕೇರಿಯ ಗದ್ದೆ ಕೊಂಡದ್ದು.
ಆ ಗದ್ದೆ ಈಗಲೂ ನಮ್ಮದು.
ಈ ಸಲ ಬೆಳೆ ಚೆನ್ನಾಗಿದೆ.

ನಾನು ಸೊಸೈಟಿಯಲ್ಲಿ ರೇಷನ್ ತೂಗುವವಳು.
ಕರೆಂಟಿನ ತಕ್ಕಡಿ, ತಗ್ಗುವ ತಳ ಇಲ್ಲ.
ಶಿವಿ ಅಂಬಿಗ ಹೆಬ್ಬೆಟ್ಟು ಒತ್ತಿದಳು,
ಮಿಷನ್ ಒಲ್ಲೆ ಅಂತು.
ತಲೆಗೂದಲಿಗೆ ಒರೆಸಿ ಒತ್ತಿದಳು. ಸೆರಗಿಗೆ ಒರೆಸಿ ಒತ್ತಿದಳು.
ನಲವತ್ತು ವರ್ಷ ಕಾಳಿಯ ಕೆಸರಲ್ಲಿ ಬಳಚು ಹೆಕ್ಕಿದ ಬೆರಳು,
ಗೆರೆಗಳನ್ನೆಲ್ಲ ಚಿಪ್ಪು ತಿಂದಿದೆ.
"ನಾ ಇಲ್ಲೇ ಇದ್ನಲೆ, ಅದ್ಕೆ ಕಾಣ್ಸೂದಿಲ್ಲಾ?"

ಬೆರಳು ಹತ್ತದವರಿಗೆ ಒಂದು ಪುಸ್ತಕ ಇದೆ.
ಪೆನ್ನು ಕೊಟ್ಟೆ. ಬಹಳ ಹೊತ್ತು ಹಿಡಿದು
ಒಂದು ಶಿ ಬರೆದಳು,
ಗುಡಿಸು ನಿಲ್ಲದೆ ಸುತ್ತಿ ಸುತ್ತಿ ಬಳೆಯಾಯಿತು.

ಐದು ಕಿಲೋ, ಸೊನ್ನೆ ಸೊನ್ನೆ ಸೊನ್ನೆ ಗ್ರಾಂ.
ನನ್ನ ಕೈ ತಾನೇ ಗೋಣಿಯೊಳಗೆ ಹೋಯಿತು,
ಮುಷ್ಟಿ ಕಟ್ಟಿತು.
ಅವ್ವಿಯ ಮುಷ್ಟಿ ಅವ್ವಿಯ ಮಡಕೆಯದು.
ಇದು ಸರಕಾರದ್ದು, ತಿಂಗಳ ಕೊನೆಗೆ ಯಾರದೋ ಪಾಲಿನಲ್ಲಿ
ಇಷ್ಟೇ ಕಮ್ಮಿ ಬೀಳುತ್ತದೆ.
ಹಿಂದಿನವನು ಕೆಮ್ಮಿದ.
ಶಿವಿ ಚೀಲದ ಬಾಯಿ ಹಿಡಿದೇ ನಿಂತಿದ್ದಳು.