ಮೆಟ್ಟಿಲ ಮೇಲೆ ಹತ್ತು ದಿನ

ನೋಟಿಸು ಮರಾಠಿಯಲ್ಲಿತ್ತು,
ಕೆಳಗೆ ಸೆಕ್ರೆಟರಿ ಖಾಮ್ಕರರ ಸಹಿ:
ಪಾಡ್ವಾಕ್ಕೆ ಮೊದಲು ಬಣ್ಣ ಮುಗಿಯಬೇಕು,
ಗ್ರಿಲ್ಲಿನ ಕುಂಡಗಳೆಲ್ಲ ಸೋಮವಾರದೊಳಗೆ ಒಳಗೆ.

ಒಳಗೆ ಅಂದರೆ ಎಲ್ಲಿ?
ಒಂದು ಕೋಣೆ, ಒಂದು ಅಡುಗೆಮನೆ,
ಮಂಚದ ಕೆಳಗೆ ಹಿಟ್ಟಿನ ಡಬ್ಬಿ, ಅದರ ಹಿಂದೆ
ಹೋದ ವರ್ಷ ತೀರಿಕೊಂಡ ಅತ್ತೆಯ ಟ್ರಂಕು.
ಹಾಗಾಗಿ ನನ್ನ ತೋಟ
ರಾತ್ರಿಪಾಳಿ ಮುಗಿಸಿ ಬಂದ ಬೆಳಿಗ್ಗೆ
ಮೆಟ್ಟಿಲಿಗಿಳಿಯಿತು.

ತೋಟ ಎಂದೆನೆ? ನಗಬೇಡಿ.
ಒಡೆದ ಬಕೆಟ್ಟಿನಲ್ಲಿ ದುಂಡುಮಲ್ಲಿಗೆ,
ಎಣ್ಣೆ ಡಬ್ಬದಲ್ಲಿ ಕರಿಬೇವು
(ಅದು ಹೂಬಿಟ್ಟದ್ದು ಇರುವೆಗಳಿಗೆ ಮೊದಲು ತಿಳಿಯುತ್ತದೆ,
ನನಗೆ ಆಮೇಲೆ),
ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ
ಆ ನಿಂಬೆ.

ಒಂಬತ್ತು ವರ್ಷದ ಹಿಂದೆ
ಕುರ್ಲಾ ಸ್ಟೇಷನ್ನಿನ ಶರಬತ್ತಿನಲ್ಲಿ ನಾಲಿಗೆಗೆ ಸಿಕ್ಕ ಬೀಜ.
ಉಗಿಯಲು ಜಾಗವಿಲ್ಲದ ಲೋಕಲಿನಲ್ಲಿ
ಕೆನ್ನೆಯೊಳಗೇ ಇಟ್ಟುಕೊಂಡು ಮುಲುಂಡಿನ ತನಕ ಬಂದಿದ್ದೆ.
ಮುಳ್ಳು ಬಂತು, ಎಲೆ ಬಂತು,
ಎಲೆಗೆ ಹುಳ ಬಂತು, ಹುಳಕ್ಕೆ ರೆಕ್ಕೆ ಬಂದು
ಅದೂ ಹಾರಿಹೋಯಿತು.
ಹೂವು ಮಾತ್ರ ಇಲ್ಲ.
'ಬಂಜೆ' ಅಂದಿದ್ದರು ಅತ್ತೆ, ಗಿಡಕ್ಕೆ.
ಆ ಮಾತು ಕುಂಡದಲ್ಲಿ ನಿಲ್ಲದೆ
ನೆಲದ ಮೇಲೆ ಹರಿದು ನನ್ನ ಕಾಲ ತನಕ ಬಂದು
ಒಣಗಿತು. ನಾನು ಒರೆಸಲಿಲ್ಲ.

ಬಿದಿರು ಕಟ್ಟಿದರು, ಹಸಿರು ಬಲೆ ಹೊದೆಸಿದರು,
ಮನೆಯೊಳಗೆ ನಡುಹಗಲಲ್ಲೂ ಪಾಚಿ ಬೆಳಕು.
ಗೋಡೆ ಕೆರೆದ ಪುಡಿ ಅನ್ನದ ಮೇಲೂ ಕೂತಿತು.

ನಾಲ್ಕನೇ ದಿನ, ಎರಡನೇ ಮಹಡಿ ದಾಟುವಾಗ
ಮೊದಲು ಮೂಗು ನಿಂತಿತು,
ಆಮೇಲೆ ನಾನು.

ಟರ್ಪಂಟೈನಿನ ನಡುವೆ ಹಾದಿ ಬಿಡಿಸಿಕೊಂಡು
ಅದು ಇಳಿದು ಬರುತ್ತಿತ್ತು, ಆತುರವಿಲ್ಲದೆ,
ಬಾಡಿಗೆ ಬಾಕಿ ಇಲ್ಲದವರ ಹಾಗೆ.
ತಿರುವಿನಲ್ಲಿ, ಜಾಲಂದ್ರದ ಚೂರು ಬಿಸಿಲಿನಲ್ಲಿ, ನಿಂಬೆ
ಮೈತುಂಬ ಹೂ ಬಿಟ್ಟು ನಿಂತಿತ್ತು.

ಮೂವತ್ತೊಂದು.
ಎಣಿಸಿದ್ದು ನಾನಲ್ಲ, ಲೋಬೋ ಆಂಟಿ.
ಮಂಡಿನೋವಿನ ನೆಪದಲ್ಲಿ ಅಲ್ಲೇ ಕೂತು,
ಮೀನಿನ ಚೀಲ ಪಕ್ಕದಲ್ಲಿಟ್ಟು, ಎರಡು ಸಲ ಎಣಿಸಿದರು.
ಛೇಡಾ ಯಾವ ಕಂಪನಿಯ ಊದುಬತ್ತಿ ಎಂದು ಕೇಳಿದ.
ದಾರಿಗೆ ಅಡ್ಡವೆಂದು ಬೈಯಲು ಬಂದ ಖಾಮ್ಕರ್
ಉಸಿರೆಳೆದುಕೊಂಡವರು
ಬಿಡುವುದನ್ನು ಮರೆತು
ಕರೆಂಟಿನ ಮೀಟರು ನೋಡಿ ಹೋದರು.

ರಾತ್ರಿ ಮೆಟ್ಟಿಲಲ್ಲೇ ಮಲಗುವ ಪೇಂಟರ ಹುಡುಗ,
ಸುರಪುರದ ಕಡೆಯ ಮೌನೇಶ, ಅಂದ:
'ಅಕ್ಕಾ, ಇಲ್ಲೀತನಾ ಜೇನು ಬರಂಗಿಲ್ರಿ,
ಅದರಾಗ ನಾವು ಬಲೆ ಬ್ಯಾರೆ ಕಟ್ಟೀವಿ.'
ಕಿಟಕಿಯ ಅಂಚಿಗೆಂದು ಮೇಸ್ತ್ರಿ ಕೊಟ್ಟಿದ್ದ
ಇನ್ನೂ ಬಣ್ಣ ಕಾಣದ ಸಣ್ಣ ಬ್ರಷ್ಷನ್ನು
ತೊಡೆಗೆ ಒರೆಸಿಕೊಂಡು
ಒಂದೊಂದು ಹೂವನ್ನೂ ಮುಟ್ಟಿದ.
ಮುರಿದ ಮೂಳೆಯ ವಾರ್ಡಿನಲ್ಲಿ
ಹದಿನಾರು ವರ್ಷ ಕೈಗಳನ್ನೇ ನೋಡಿದವಳು ನಾನು.
ಇಂಥ ಕೈ ಸೂಜಿ ಚುಚ್ಚಿದರೆ ನೋಯುವುದಿಲ್ಲ.

ಹತ್ತನೇ ದಿನಕ್ಕೆ ಬಿದಿರು ಬಿಚ್ಚಿದರು.
ಕಟ್ಟಡಕ್ಕೆ ಈಗ ಯಾರಿಗೂ ಒಪ್ಪಿಗೆಯಿಲ್ಲದ ಒಂದು ಬಣ್ಣ.
ಎಸಳು ಗುಡಿಸಿದ ತಾರಾಬಾಯಿ ಮೊರಕ್ಕೆ ಸುರಿಯದೆ
ಸೆರಗಿನ ತುದಿಗೆ ಕಟ್ಟಿಕೊಂಡಳು.
ಡ್ರಮ್ಮು ಮತ್ತೆ ಗ್ರಿಲ್ಲಿಗೇರಿತು.

ಒಂದು ಎಲೆಯ ಮೇಲೆ ಬಿಳಿ ಚುಕ್ಕೆ.
ತಡವಾದ ಮೊಗ್ಗೆಂದುಕೊಂಡು ಮುಟ್ಟಿದರೆ ಪೇಂಟು,
ಉಗುರಿಗೂ ಬಗ್ಗದು.
ಸಾಸಿವೆ ಗಾತ್ರದ ಕಾಯಿ ಮೂರು ಕಚ್ಚಿದ್ದವು.
ಎರಡು ಉದುರಿದವು.
ಮೂರನೆಯದು ಇಂದು ಬೆಳಿಗ್ಗೆ ಇತ್ತು.
ಮೌನೇಶನಿಗೆ ಹೇಳೋಣವೆಂದರೆ ನಂಬರಿಲ್ಲ;
ಠಾಣೆಯಲ್ಲಿ ಯಾವುದೋ ಕಟ್ಟಡ, ಯಾವುದೋ ಬಲೆ.

ಡ್ಯೂಟಿಗೆ ಇಳಿಯುವಾಗ ಎರಡನೇ ಮಹಡಿಯಲ್ಲಿ
ಈಗಲೂ ಒಂದು ಗಳಿಗೆ ನಿಲ್ಲುತ್ತೇನೆ.
ಬರೀ ಟರ್ಪಂಟೈನು.
ಮೇಲಿನ ತಿರುವಿನಲ್ಲಿ ಇನ್ಯಾರದೋ ಚಪ್ಪಲಿ ಸದ್ದೂ
ನಿಂತಿರುತ್ತದೆ.