ಬಲೆಗೆ ಬೀಳದ್ದು

ಮೊದಲನೇ ಚುಚ್ಚು ಎಡಮೊಣಕೈ ಮಡಿಕೆಯಲ್ಲಿ.
ಇದೆ, ಇಲ್ಲೇ ಇದೆ ಅಂದಳು ಹುಡುಗಿ. ಇರಲಿಲ್ಲ.
ಎರಡನೆಯದಕ್ಕೆ ಇದ್ದದ್ದು
ಸೂಜಿ ತಾಗಿದ್ದೇ ಪಕ್ಕಕ್ಕೆ ಹೊರಳಿತು,
ನಿದ್ದೆಯಲ್ಲಿ ಗಂಡ ಗೋಡೆ ಕಡೆಗೆ ಹೊರಳುತ್ತಿದ್ದ ಹಾಗೆ.
ಮೂರನೆಯದು ಬಲಗೈಗೆ.
ನಾಲ್ಕನೆಯದನ್ನು ನಾನು ನೋಡಲಿಲ್ಲ. ಕಿಟಕಿಯಾಚೆ
ಜಲಸಂಧಿಯ ಗಾಳಿ ಯಾರದೋ ಛತ್ರಿಯನ್ನು
ಒಳಹೊರಗು ಮಾಡಿ ಕುಣಿಸುತ್ತಿತ್ತು.
ಹೊಸಬರಿರಬೇಕು. ಈ ಊರಲ್ಲಿ ಛತ್ರಿ ಯಾರು ಬಿಚ್ಚುತ್ತಾರೆ.

ಪುಂತಾ ಅರೇನಾಸ್. ಜೂನ್ ತಿಂಗಳು.
ಬೆಳಗಿನ ಹತ್ತಕ್ಕೆ ಬಂದ ಸೂರ್ಯ
ಬಾಗಿಲಲ್ಲೇ ನಿಂತು ಮಾತಾಡಿಸಿ
ಐದೂವರೆಗೆ ಹೊರಟೇಬಿಡುತ್ತಾನೆ, ಒಳಗೆ ಕೂರುವುದಿಲ್ಲ.
ಅದಕ್ಕೇ ಡಾಕ್ಟರು ಬರೆದದ್ದು ಡಿ, ವಾರಕ್ಕೊಂದು, ಜೇನಿನ ಬಣ್ಣದ್ದು.
ಬಿ ಹನ್ನೆರಡು ನಾಲಿಗೆಯಡಿ.
ಕಬ್ಬಿಣ ಕಿತ್ತಳೆ ರಸದ ಜೊತೆ, ಚಹಾ ಕೂಡದು.
ಮತ್ತೊಂದು, ಅವರಿಗೆ ಹೇಳದೆ ನಾನೇ ನುಂಗುವುದು,
ತಂಗಿಯ ಮಗಳು ತಂದುಕೊಟ್ಟದ್ದು, ಕೂದಲು ಉದುರದಿರಲೆಂದು.
ಮೈಯಲ್ಲಿ ರಕ್ತವಿಲ್ಲ, ಜುಟ್ಟಿಗೆ ಮಾತ್ರೆ.

ಮೂವತ್ತೊಂದು ವರ್ಷ ಬಂದರಿನಲ್ಲಿ ಬಲೆ ಹೊಲಿದವಳು ನಾನು.
ಹರಿದ ಕಣ್ಣಿಗೆ ಸೂಜಿ ಒಯ್ಯುವುದು ಗೊತ್ತು.
ಸೂಜಿಯೇ ನನ್ನನ್ನು ಹುಡುಕಿಕೊಂಡು ಬಂದರೆ
ಎಲ್ಲಿ ನಿಲ್ಲಬೇಕೆಂದು ಅಪ್ಪ ಹೇಳಿಕೊಡಲಿಲ್ಲ.

ಐದನೆಯದಕ್ಕೆ ಬಂತು, ಕಪ್ಪಗೆ, ಒಲ್ಲದ ಮನಸ್ಸಿನಿಂದ.
ಹನಿ. ನಿಂತಿತು. ಹನಿ.
ಹನಿಗೂಡಿ ಹಳ್ಳವಾಗಲೆಂದು ಕಾದು ಕೂತೆವು
ನಾನೂ, ಮರಕಾಯಿಬೋ ಕಡೆಯ ಈ ಯುಸ್ಮಾರಿಯೂ.
ಅವಳ ಊರಿನ ಸೆಖೆಗೆ ಎಲ್ಲರ ನರವೂ
ಮಾವಿನ ಬೇರಿನ ಹಾಗೆ ಎದ್ದು ನಿಲ್ಲುತ್ತದಂತೆ.
ಅವಳ ಹಣೆಯಲ್ಲಿ ಬೆವರು, ನನ್ನ ಬಾಯಲ್ಲಿ ಕ್ಷಮಿಸು.
ಯಾಕೆ ಹಾಗಂದೆನೋ. ನರ ನನ್ನದು ಅಂತಲೋ ಏನೋ.

ಎಂಟು ದಿನ ಬಿಟ್ಟು ಫೋನು.
ಥೈರಾಯ್ಡಿನ ಅಂಕಿ ನಂಬುವಂತಿಲ್ಲ,
ಕೂದಲಿಗೆ ಏನಾದರೂ ನುಂಗುತ್ತೀರಾ, ದೋನ್ಯಾ ಎಡೆಲ್ಮಿರಾ?
ಇಲ್ಲ ಅಂದೆ.
ಆಮೇಲೆ ಹೌದು ಅಂದೆ.
ಆ ಮಾತ್ರೆ ಪರೀಕ್ಷೆಯ ಕಣ್ಣಿಗೇ ಮಣ್ಣೆರಚುತ್ತದಂತೆ.
ನಿಲ್ಲಿಸಿ. ಮತ್ತೆ ಬನ್ನಿ.
ಮತ್ತೆ!
ಐದು ಚುಚ್ಚಿನ ನೀಲಿ ಆಗಷ್ಟೇ ಹಳದಿಗೆ ತಿರುಗುತ್ತಿತ್ತು.
ಅಡುಗೆಮನೆಯಲ್ಲಿ ಕೂತು ಅತ್ತೆ, ನೋವಿಗಲ್ಲ,
ಸುಳ್ಳಿಗೆ ಖರ್ಚಾದ ಅಷ್ಟು ರಕ್ತಕ್ಕೆ.

ಈ ಸಲ ರಾತ್ರಿಯೇ ನೀರು, ಬೆಳಗ್ಗೆ ಮತ್ತೆರಡು ಲೋಟ.
ಕೋಟಿನ ಎರಡೂ ಜೇಬಿಗೆ ಒಲೆಯಿಂದ ತೆಗೆದ ಬಿಸಿ ಆಲೂಗಡ್ಡೆ.
ಚಿಲೋಯೆ ದ್ವೀಪದ ಅಜ್ಜಿ, ದೋಣಿ ಹತ್ತುವವರಿಗೆ
ಹೀಗೇ ಕೊಡುತ್ತಿದ್ದಳು: ಮೊದಲು ಕೈಗೆ, ಆಮೇಲೆ ಹೊಟ್ಟೆಗೆ.
ಬೀದಿ ತಿರುವಿನಲ್ಲಿ ಗಾಳಿಗೆಂದು ಕಟ್ಟಿದ ಹಗ್ಗ ಹಿಡಿಯಲಿಲ್ಲ,
ಕೈ ತಣ್ಣಗಾದೀತೆಂದು. ಎರಡು ಸಲ ಮುಗ್ಗರಿಸಿದೆ.
ಟೋಪಿಯೊಳಗೆ ಕೂದಲು ತನ್ನ ಪಾಡಿಗೆ ಉದುರಿಕೊಳ್ಳಲಿ.

ನನ್ನನ್ನು ಕಂಡದ್ದೇ ಯುಸ್ಮಾರಿ ಬಿಳಿಚಿಕೊಂಡಳು.
ಮಗಳೇ, ಅಂದೆ, ಮೊಣಕೈ ಬಿಡು.
ಅದು ಸುಳ್ಳುಗಾರ್ತಿ, ನನ್ನ ಹಾಗೆ.
ಇಲ್ಲಿ, ಹಿಂಗೈ ಮೇಲೆ, ಕಿರುಬೆರಳಿನ ಬುಡಕ್ಕೆ.
ಚಿಕ್ಕ ಸೂಜಿ ತಗೋ, ರೆಕ್ಕೆಯದ್ದು.
ನೋಡಬೇಡ, ಮುಟ್ಟು.
ಬಲೆಯ ಹರುಕು ಕಣ್ಣಿಗೆ ತಪ್ಪಿಸಿಕೊಂಡೀತು,
ಬೆರಳಿಗೆ ತಪ್ಪಿಸಿಕೊಳ್ಳದು.

ಅವಳು ಕಣ್ಣು ಮುಚ್ಚಿ ತಡಕಿದಳು, ತುಂಬ ಹೊತ್ತು.
ಆನ್ಸೆಲ್ಮೋ ಹೋದಮೇಲೆ
ಅಷ್ಟು ಹೊತ್ತು ನನ್ನ ಕೈ ಯಾರೂ ಹಿಡಿದಿರಲಿಲ್ಲ.

ಚುಚ್ಚಿದಳು. ಏನೂ ಇಲ್ಲ.
ಉಸಿರು ಬಿಡಿ ಅಂದಳು. ಬಿಟ್ಟೆ.
ನಳಿಗೆಯೊಳಗೆ ಒಂದೆಳೆ ಕೆಂಪು ನೂಲು
ಯಾರೂ ಎಳೆಯದೆ ತಾನೇ ಬಿಚ್ಚಿಕೊಂಡು ಬಂತು.

ಹತ್ತಿ ಒತ್ತಿ ಹಿಡಿದು ಕೂತಿದ್ದಾಗ ನೆನಪಾಯಿತು,
ಎಡಜೇಬಿನ ಆಲೂಗಡ್ಡೆ ಇನ್ನೂ ಬೆಚ್ಚಗಿದೆ.
ಅವಳ ಅಂಗೈಗಿಟ್ಟೆ.
ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು
ಉಪ್ಪಿಲ್ಲವಾ ಅಂತ ಕೇಳಿದಳು.