ಕೆರಿಯಾ, ಕಿಸೆ

ಕಪನೂರಿನ ದಾಲ್ ಮಿಲ್ಲಿನಾಗ ನನ್ನ ಕೆಲಸ
ತೂಕದ ಚೀಟಿ ಬರಿಯೂದು.
ಮೆಕ್ಸಿಕೋದಿಂದ ಕಾಬೂಲಿ ಕಡ್ಲಿ ಬಂದ ವರ್ಷ
ಸಾವಕಾರ್ರು ಕರದು ಹೇಳಿದ್ರು:
ಜಗದೇವಿ, ನಿನಗ ಓದೂ ಹುಚ್ಚದ,
ಚೀಲದ ಮ್ಯಾಲ ಏನ್ ಬರದಾರ ನೋಡು.

ಗರ್ಬಾನ್ಸೊ ಅಂತ ಬರದಿದ್ರು. ಅಲ್ಲಿಂದ ಸುರು.
ಸೂಪರ್ ಮಾರ್ಕೆಟ್ಟಿನ ರದ್ದಿ ಅಂಗಡ್ಯಾಗ
ರಟ್ಟು ಹರದ ಒಂದು ಸ್ಪ್ಯಾನಿಷ್ ವ್ಯಾಕರಣ,
ತೂಕಕ್ಕ ಹಾಕಿ ಎಂಟು ರೂಪಾಯಿ.

ಮೊದಲನೇ ಪತ್ರ ತಕರಾರಿಂದೇ.
ಬಂದಾಗ್ಲೇ ಕಡ್ಲಿ ಹಸಿ ಇದ್ದವೋ,
ಬಂದ ಮ್ಯಾಲ ಹಸಿ ಆದವೋ?
ಆ ಭಾಷಾದಾಗ ಎರಡಕ್ಕ ಎರಡು ಹಿಂದಿನ ಕಾಲ.
ಒಂದು ಬರದ್ರ ದಂಡ ಅವರದು, ಇನ್ನೊಂದು ಬರದ್ರ ನಮ್ಮದು.
ಬಾಲ ತಪ್ಪಿದ್ರ ಹನ್ನೊಂದು ಲಕ್ಷ.
ಸಾವಕಾರ್ರಿಗೆ ವ್ಯಾಕರಣದ ಮ್ಯಾಲ ಭಕ್ತಿ ಹುಟ್ಟಿದ್ದು ಅವತ್ತೇ.

ಆಮ್ಯಾಲ ಬಂತು ಕೆರೇರ್.
ಬೇಕು ಅನ್ನೂದಕ್ಕ ಕೆರೇರ್, ಪ್ರೀತಿ ಮಾಡೂದಕ್ಕೂ ಕೆರೇರ್.
ನಮ್ಮಲ್ಲಿ ಬೇಕು ಅನ್ನೂದು ಯಾರೂ ಮಾಡಲ್ಲ.
ನನಗ ಬೇಕು, ನಿನಗ ಬೇಕು, ಮಂದಿಗಿ ಬೇಕು,
ಚಳಿಜ್ವರದಂಗ ತಾನೇ ಮೈಮ್ಯಾಲ ಬರ್ತದ.
ಅಲ್ಲಿ ಹಂಗಿಲ್ಲ,
ಬೇಕಂದವರ ಗುರ್ತು ಕ್ರಿಯಾಪದದ ಬಾಲಕ್ಕೇ ಕಟ್ಟಿರ್ತದ.

ಕೆರಿಯಾ: ಬೇಕಾಗಿತ್ತು, ಬೇಕಾಗೇ ಇತ್ತು,
ಎಂದು ಸುರು ಎಂದು ಖಲಾಸ್ ಗೊತ್ತಿಲ್ಲ.
ನೆನಪಿಗಿ ಅಪ್ಪನ ಕೆರಿ ಅಂದ್ಕೊಂಡೆ,
ನಿಂತ ನೀರು, ತಳ ಕಾಣಲ್ಲ.
ನಾನೂ ಕೆರಿಯಾ, ಅವನೂ ಕೆರಿಯಾ, ಒಂದೇ ರೂಪ.
ಕೆರ್ಯಾಗ ಯಾರ ಹನಿ ಯಾರದು?

ಕಿಸೆ: ಒಂದೇ ಸಲ, ಒಂದು ದಿನ, ಮಾಡಿ ಮುಗಿಸಿದ್ದು.
ಇದಕ್ಕ ನೆನಪಿನ ತ್ರಾಸೇ ಇಲ್ಲ, ಕಿಸೆ ಅಂದ್ರ ಕಿಸೇನೇ,
ಮೂರು ಕಡಿ ಹೊಲಿಗಿ, ಒಂದು ಕಡಿ ಬಾಯಿ.

ಪುಟದ ತಳದಾಗ ಸಣ್ಣ ಅಕ್ಷರ:
ಮುಂದ ನೊ ಇಟ್ರ ಅರ್ಥ ಹೊಳ್ಳತದ.
ನೊ ಕೆರಿಯಾ, ಬೇಕಾಗಿರಲಿಲ್ಲ.
ನೊ ಕಿಸೆ, ಒಲ್ಲೆನಂದೆ.

ಚಹಾ ಆರಿತು.

ತೊಂಬತ್ತಾರನೇ ಇಸವಿ, ಆಳಂದದವರು ಬಂದಿದ್ರು.
ಹುಡುಗ ಕೆಟ್ಟವನಲ್ಲ. ಬಿಳಿ ಅಂಗಿ, ಕಿಸೆದಾಗ ಎರಡು ಪೆನ್ನು.
ಸುಸಲಾದ ಪ್ಲೇಟು ಇಟ್ಟು ನಿಂತೇ ಹೇಳಿದೆ, ನಾ ಒಲ್ಲೆ.
ಮತ್ತೊಬ್ಬ ಇದ್ದನಂತಲ್ಲ, ಮುಂದ ಓದಬೇಕಂತನೂ ಅಲ್ಲ.
ಗಡಿಯಾರ ನಾಕೂಕಾಲು ತೋರಸ್ತಿತ್ತು.

ಅವತ್ತಿಂದ ಮನ್ಯಾಗ ಆ ಮಾತು ಕೆರಿಗೇ ಬಿತ್ತು.
ಅಕಿಗಿ ಬೇಕಾಗಿರಲಿಲ್ಲ ಅಂತ ಅವ್ವ,
ಅಕಿಗಿ ಕೂಡಿ ಬರಲಿಲ್ಲ ಅಂತ ಕಾಕಾ.
ಮದಿವ್ಯಾಗ, ಮಣ್ಣಿಗಿ ಹೋದಲ್ಲಿ, ಕೇಳಿದವ್ರಿಗೆಲ್ಲ ಅದೇ.
ಜಗದೇವಿ ಒಲ್ಲೆನಂದಳು ಅಂತ ಒಬ್ರೂ ಹೇಳಲಿಲ್ಲ.
ನಾ ಮಾಡಿದ ಒಂದು ಕೆಲಸ
ನನಗಾದ ಒಂದು ಬ್ಯಾನಿಯಾಗಿ
ಇಪ್ಪತ್ತೆಂಟು ವರ್ಷ ಮನ್ಯಾಗೇ ಕುಂತಿತ್ತು.

ತೂಕದ ಚೀಟಿ ಹೊಳ್ಳಿಸಿ ಬರದೆ: ನೊ ಕಿಸೆ.
ಅಕಿ ನೊ ಕಿಸೊ.
ನಾವು ನೊ ಕಿಸಿಮೊಸ್.
ನಾವು ಅಂದ್ರ ಯಾರು, ಗೊತ್ತಿಲ್ಲ,
ಅಭ್ಯಾಸಕ್ಕಂತ ಬರದೆ.

ಹಂಗೇ ನಮ್ಮ ಮಾತೂ ತಿರಿವಿ ನೋಡಿದೆ:
ಒಲ್ಲೆ, ಒಲ್ಲಿ, ಒಲ್ಲ, ಒಲ್ಲಳು, ಒಲ್ಲೆವು.
ಎಲ್ಲಾರಿಗೂ ಬಾಲ ಅದ, ಹಿಂದಿನ ಕಾಲ ಇಲ್ಲ.
ಅಂದೆ ಅಂತ ಊರುಗೋಲು ಕೊಟ್ರಷ್ಟೇ ನಿನ್ನಿಗಿ ಹೋಗ್ತದ,
ಬಿಟ್ರ ಇಲ್ಲೇ ನಿಂತಿರ್ತದ.
ಒಲವಿನ ಬೇರಿನಾಗೇ ಹುಟ್ಟಿದ ಮಾತು,
ಮುಗಿಯೂದು ಕಲ್ತಿಲ್ಲ.

ಹಂಗಾರ ಖರೆ ಯಾವುದು?
ನಾಕೂಕಾಲಿಗಿ ಮುಗದದ್ದೋ,
ದಿನಾ ಮುಂಜಾನಿ ಬಾಚಣಿಗಿ ಹಿಡದಾಗ
ಕನ್ನಡಿಗಿ ಮತ್ತ ಅಂದದ್ದೋ?

ಹೊರಗ ಲಾರಿ ಹಾರ್ನ್ ಹೊಡೀತು.
ಕಿಟಕ್ಯಾಗ ಡ್ರೈವರ್ ಕೈ ಚಾಚಿದ.
ಅವಸರದಾಗ ಅದೇ ಚೀಟಿ ಕೊಟ್ಟೆ.
ಮುಂದ ಇಪ್ಪತ್ತೊಂದು ಟನ್ ನಲ್ವತ್ತು ಕಿಲೋ,
ಹಿಂದ ನನ್ನ ಅಕ್ಷರ.
ನೋಡದೇ ಮಡಚಿ
ಅಂಗಿ ಕಿಸೆದಾಗ ಇಟ್ಕೊಂಡು
ಹುಮನಾಬಾದ ಕಡಿ ಹ್ವಾದ.